ಮನೆಗೆ ಕೊಳ್ಳುವ ಕನ್ನಡ ಚಿತ್ರ: ಯಾವುದಕ್ಕೆ ಕಾಸು ಕೊಡಬೇಕು?

ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘಗಳ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಶನಿವಾರ ರಾತ್ರಿಯಾಯಿತೆಂದರೆ ಒಂದು ಪ್ರಶ್ನೆ ಕಾಣಿಸಿಕೊಳ್ಳುತ್ತದೆ. ‘ಹೊಸ ಕನ್ನಡ ಪಿಕ್ಚರ್ ಯಾವುದು ಚೆನ್ನಾಗಿದೆ? ದುಡ್ಡು ಕೊಟ್ಟು ನೋಡಬಹುದಾ?’ ಒಬ್ಬರು ‘ಸೂಪರ್’ ಎಂದು ಬರೆಯುತ್ತಾರೆ. ಇನ್ನೊಬ್ಬರು ಹೆಬ್ಬೆರಳ ಚಿತ್ರ ಹಾಕುತ್ತಾರೆ. ಮೂರನೆಯವರು ‘ದುಡ್ಡು ಯಾಕೆ ಕೊಡುವುದು ಮಾರಾಯ್ರೆ, ಲಿಂಕ್ ಕಳಿಸ್ತೇನೆ’ ಎನ್ನುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಕೇಳಿದವರಿಗೆ ಉತ್ತರ ಸಿಕ್ಕಿರುವುದಿಲ್ಲ.

ಪ್ರಶ್ನೆ ಸಣ್ಣದೆನಿಸಿದರೂ ಹೊರನಾಡ ಕನ್ನಡಿಗರ ಮಟ್ಟಿಗೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೆಂಗಳೂರಿನವರಿಗೆ ಚಿತ್ರಮಂದಿರವೆಂಬ ಇನ್ನೊಂದು ದಾರಿಯಿದೆ. ಮುಂಬಯಿಯಲ್ಲಿ ಕನ್ನಡ ಚಿತ್ರ ಬಂದರೆ ಒಂದೆರಡು ಮಾಲ್‌ಗಳಲ್ಲಿ, ಅದೂ ಕೆಲವೇ ದಿನ, ಅನುಕೂಲವಲ್ಲದ ಹೊತ್ತಿನಲ್ಲಿ. ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಇರುವ ನಾಲ್ಕು ಜನರ ಕುಟುಂಬ ಅಲ್ಲಿಗೆ ಹೋಗಿ ಬರುವ ಖರ್ಚು, ಹೊತ್ತು ಎರಡನ್ನೂ ಲೆಕ್ಕ ಹಾಕಿದರೆ ಚಿತ್ರ ಅಲ್ಲಿಗೇ ತಪ್ಪಿಹೋಗುತ್ತದೆ. ಹಾಗಾಗಿ ಇಲ್ಲಿನವರಿಗೆ ಕನ್ನಡ ಚಿತ್ರವೆಂದರೆ ಹೆಚ್ಚಾಗಿ ಮನೆಯ ಟಿವಿಯಲ್ಲಿ ನೋಡುವುದೇ. ಅಜ್ಜಿ ತುಳು ಅಥವಾ ಕನ್ನಡ ಮಾತಾಡುವ, ಮಗ-ಸೊಸೆ ಎಲ್ಲವನ್ನೂ ಬೆರೆಸುವ, ಮೊಮ್ಮಕ್ಕಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುವ ಮನೆಯಲ್ಲಿ ವಾರಕ್ಕೆ ಎರಡೂವರೆ ಗಂಟೆಯ ಕನ್ನಡ ಕಿವಿಗೆ ಬೀಳುವುದು ಕಡಿಮೆ ಮಾತಲ್ಲ. ಆ ಎರಡೂವರೆ ಗಂಟೆಯನ್ನು ಯಾವ ಚಿತ್ರಕ್ಕೆ ಕೊಡಬೇಕು ಎಂಬುದು ಕಾಸಿನ ಲೆಕ್ಕಕ್ಕಿಂತ ದೊಡ್ಡದು.

ಇಪ್ಪತ್ತು ವರ್ಷಗಳ ಹಿಂದೆ ಈ ವ್ಯವಹಾರ ಸರಳವಾಗಿತ್ತು. ಊರಿಂದ ಬರುವವರು ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಜತೆಗೆ ಎರಡು ಮೂರು ವಿಸಿಡಿಗಳನ್ನೂ ತರುತ್ತಿದ್ದರು. 2007ರಲ್ಲಿ ಮೋಸರ್ ಬೇರ್ ಕಂಪೆನಿ ಚಲನಚಿತ್ರಗಳ ವಿಸಿಡಿಯನ್ನು 28 ರೂ.ಗೆ, ಡಿವಿಡಿಯನ್ನು 34 ರೂ.ಗೆ ಮಾರಲು ಹೊರಟಾಗ ನಕಲಿಯ ಬೆಲೆಗೇ ಅಸಲಿ ಸಿಗುವಂತಾಯಿತು. ಎರಡನೆಯ ಡಿಸ್ಕ್‌ಗೆ ಗೀರು ಬಿದ್ದು, ನಾಯಕ ಖಳನ ಮನೆಯ ಬಾಗಿಲು ಒದೆಯುವ ಹೊತ್ತಿಗೇ ಚಿತ್ರ ನಿಂತುಬಿಡುತ್ತಿದ್ದ ಸಂಕಟವನ್ನು ಅನುಭವಿಸದ ಮನೆಯಿರಲಿಲ್ಲ. ಆದರೂ ಕೊಂಡದ್ದು ಕೊಂಡವರ ಬಳಿಯೇ ಉಳಿಯುತ್ತಿತ್ತು. ಪಕ್ಕದ ಮನೆಗೆ ಕೊಡಬಹುದಿತ್ತು. ಸಂಘದ ಗ್ರಂಥಾಲಯದ ಕಪಾಟಿನಲ್ಲಿ ಕಾದಂಬರಿಗಳ ಪಕ್ಕ ಇಟ್ಟರೆ ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯುತ್ತಿದ್ದರು. ಆ ಡಿಸ್ಕ್‌ಗಳು ಇಂದಿಗೂ ಕೆಲವು ಸಂಘಗಳ ಕಪಾಟಿನಲ್ಲಿವೆ. ಅವನ್ನು ಹಾಕುವ ಯಂತ್ರ ಮಾತ್ರ ಯಾರ ಮನೆಯಲ್ಲೂ ಇಲ್ಲ.

ಈಗ ‘ಕೊಳ್ಳುವುದು’ ಎಂಬ ಮಾತಿನ ಅರ್ಥವೇ ಬದಲಾಗಿದೆ. ಇತ್ತೀಚಿನ ಕನ್ನಡ ಚಿತ್ರಗಳ ಡಿಸ್ಕ್ ಅಂಗಡಿಯಲ್ಲಿ ಸಿಗುವುದು ಅಪರೂಪ. ಇರುವುದು ಎರಡು ದಾರಿ: ಒಟಿಟಿ ಸಂಸ್ಥೆಗೆ ವರ್ಷದ ಚಂದಾ ಕಟ್ಟುವುದು, ಇಲ್ಲವೇ ಒಂದೊಂದೇ ಚಿತ್ರಕ್ಕೆ ಬೇರೆಯಾಗಿ ಹಣ ಕೊಡುವುದು. ಬೇರೆಯಾಗಿ ಕೊಡುವುದರಲ್ಲಿ ಹೆಚ್ಚಿನದು ಬಾಡಿಗೆಯೇ. ಅಮೆಜಾನ್ ಪ್ರೈಮ್ ವಿಡಿಯೊ ಭಾರತದಲ್ಲಿ 2022ರ ಏಪ್ರಿಲ್‌ನಲ್ಲಿ ಬಾಡಿಗೆ ವ್ಯವಸ್ಥೆ ಆರಂಭಿಸಿತು. ಹಣ ಕಟ್ಟಿದ ಮೇಲೆ 30 ದಿನಗಳೊಳಗೆ ನೋಡಲು ಶುರು ಮಾಡಬೇಕು, ಶುರು ಮಾಡಿದ ಮೇಲೆ ಸಾಮಾನ್ಯವಾಗಿ 48 ಗಂಟೆಯೊಳಗೆ ಮುಗಿಸಬೇಕು. ಶನಿವಾರ ರಾತ್ರಿ ಅರ್ಧ ನೋಡಿ, ಭಾನುವಾರ ಯಾರದೋ ಮದುವೆ, ಸೋಮವಾರ ಆಫೀಸು ಎಂದು ಬಿಟ್ಟವರ ಹಣ ಹೋದಂತೆಯೇ.

ಈ ವ್ಯವಸ್ಥೆಯಲ್ಲಿ ಮೊದಲ ದೊಡ್ಡ ಕನ್ನಡ ಉದಾಹರಣೆ ‘ಕೆಜಿಎಫ್ ಚಾಪ್ಟರ್ 2’. 2022ರ ಏಪ್ರಿಲ್ 14ರಂದು ಚಿತ್ರಮಂದಿರಕ್ಕೆ ಬಂದ ಈ ಚಿತ್ರವನ್ನು ಮೇ 16ರಿಂದ 199 ರೂ. ಬಾಡಿಗೆಗೆ ಕೊಡಲಾಯಿತು. ಜೂನ್ 3ರಂದು ಅದೇ ಚಿತ್ರ ಚಂದಾದಾರರಿಗೆ ಬೇರೆ ಹಣವಿಲ್ಲದೆ ಸಿಕ್ಕಿತು. ಅಂದರೆ ಚಂದಾದಾರರಾಗಿದ್ದೂ 199 ರೂ. ಕೊಟ್ಟವರು ಹದಿನೆಂಟು ದಿನದ ಆತುರಕ್ಕೆ ಬೆಲೆ ತೆತ್ತರು. ದೊಡ್ಡ ಚಿತ್ರಗಳ ವಿಚಾರದಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು. ಅವು ಹೇಗೂ ಬರುತ್ತವೆ. ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. 2025ರ ಅಕ್ಟೋಬರ್ 2ರಂದು ತೆರೆಕಂಡ ‘ಕಾಂತಾರ ಚಾಪ್ಟರ್ 1’ ಆ ತಿಂಗಳು ಮುಗಿಯುವ ಮೊದಲೇ ಮನೆಯ ಟಿವಿಗೆ ಬಂತು.

ಕಾದು ನೋಡಿದರೂ, ಹಣ ಕೊಟ್ಟು ನೋಡಿದರೂ ಚಿತ್ರಮಂದಿರದಲ್ಲಿದ್ದ ಚಿತ್ರವೇ ಮನೆಗೆ ಬಂದಿದೆ ಎಂಬ ಖಾತರಿಯಿಲ್ಲ. ಮೊದಲ ‘ಕಾಂತಾರ’ 2022ರ ನವೆಂಬರ್ 24ರಂದು ಪ್ರೈಮ್‌ಗೆ ಬಂದಾಗ ‘ವರಾಹ ರೂಪಂ’ ಹಾಡಿನ ರಾಗವೇ ಬೇರೆಯಾಗಿತ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ವಾದ್ಯವೃಂದ ತನ್ನ ಸಂಗೀತವನ್ನು ಬಳಸಲಾಗಿದೆಯೆಂದು ನ್ಯಾಯಾಲಯಕ್ಕೆ ಹೋಗಿದ್ದರಿಂದ ಹಾಡನ್ನು ಬದಲಿಸಬೇಕಾಯಿತು. ಆಮೇಲೆ ಮೂಲ ರಾಗ ಮರಳಿತು. ನ್ಯಾಯಾಲಯದ ವಿಚಾರ ಏನೇ ಇರಲಿ, ಸಂಘದ ಕಪಾಟಿನಲ್ಲಿದ್ದ ಡಿಸ್ಕ್‌ನ ಹಾಡನ್ನು ರಾತ್ರೋರಾತ್ರಿ ಯಾರೂ ಬದಲಿಸಲಾಗುತ್ತಿರಲಿಲ್ಲ.

ಚಿತ್ರ ಇರುವ ಅಂಗಡಿಯೇ ಮಾಯವಾಗುವುದೂ ಉಂಟು. ‘777 ಚಾರ್ಲಿ’ 2022ರ ಜುಲೈ ಕೊನೆಯಲ್ಲಿ ವೂಟ್‌ನಲ್ಲಿ ಬಂತು. ಅದಕ್ಕಾಗಿಯೇ ವೂಟ್‌ಗೆ ಹಣ ಕಟ್ಟಿದ ಮನೆಗಳಿವೆ. ಮರುವರ್ಷ ವೂಟ್ ಜಿಯೊಸಿನಿಮಾದಲ್ಲಿ ಸೇರಿತು. 2025ರ ಫೆಬ್ರವರಿಯಲ್ಲಿ ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೊಹಾಟ್‌ಸ್ಟಾರ್ ಆಯಿತು. ಮೂರು ವರ್ಷದಲ್ಲಿ ಮೂರು ಹೆಸರು. ಪ್ರೈಮ್‌ನ ಚಂದಾ 2025ರಲ್ಲಿ ವರ್ಷಕ್ಕೆ 1,499 ರೂ. ಇತ್ತು, ಆ ವರ್ಷದ ಜೂನ್‌ನಿಂದ ಚಿತ್ರದ ನಡುವೆ ಜಾಹೀರಾತೂ ಬಂತು. ಜಾಹೀರಾತು ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂ. ಎಂದರು. ಹೀಗಿರುವಾಗ ನಾಲ್ಕೈದು ಕಡೆ ಚಂದಾ ಕಟ್ಟಿಕೊಂಡು ತಿಂಗಳಿಗೆ ಒಂದು ಕನ್ನಡ ಚಿತ್ರವನ್ನೂ ನೋಡದ ಮನೆಗಳು ಒಮ್ಮೆ ಬ್ಯಾಂಕಿನ ಪಾಸ್‌ಬುಕ್ ತೆರೆದು ನೋಡಬೇಕು. ಬೇಕಾದ ಚಿತ್ರ ಎಲ್ಲಿದೆಯೆಂದು ತಿಳಿದು, ಅಲ್ಲಿಗೆ ಒಂದೆರಡು ತಿಂಗಳಿಗೆ ಮಾತ್ರ ಕಟ್ಟಿ, ಕನ್ನಡದವನ್ನೆಲ್ಲ ನೋಡಿ ಮುಗಿಸಿ ನಿಲ್ಲಿಸುವುದು ಜಾಣತನ. ಹೊಟೇಲಿನ ಗಲ್ಲೆಯಲ್ಲಿ ಕೂತು ಲೆಕ್ಕ ಕಲಿತ ಸಮಾಜಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಯಾವ ಚಿತ್ರ ಮನೆಗೆ ಯೋಗ್ಯ? ಚಿತ್ರಮಂದಿರದಲ್ಲಿ ಎಷ್ಟು ಕೋಟಿ ಗಳಿಸಿತು ಎಂಬುದರಿಂದ ಇದು ತಿಳಿಯುವುದಿಲ್ಲ. ‘ಕೆಜಿಎಫ್’ನ ಅಬ್ಬರಕ್ಕೆ ದೊಡ್ಡ ತೆರೆಯೂ ಎದೆಗೆ ಬಡಿಯುವ ಸದ್ದೂ ಬೇಕು. ಚಾಳ್‌ನ ಕೋಣೆಯಲ್ಲೋ ಒನ್ ಬಿಎಚ್‌ಕೆಯ ಹಾಲ್‌ನಲ್ಲೋ, ಮಕ್ಕಳು ಮಲಗಿದ್ದಾರೆಂದು ಧ್ವನಿ ತಗ್ಗಿಸಿ ನೋಡಿದರೆ ಅರ್ಧ ಚಿತ್ರವೇ ಉಳಿಯುತ್ತದೆ. ಮನೆಯಲ್ಲಿ ನಿಲ್ಲುವುದು ಮಾತು ಮತ್ತು ಮನುಷ್ಯರು. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಒಟ್ಟಿಗೆ ಕೂರಬಹುದೇ, ಮುಂದಿನ ತಿಂಗಳು ಮನೆಗೆ ಬರುವ ಅಕ್ಕನಿಗೂ ತೋರಿಸೋಣ ಎನಿಸುತ್ತದೆಯೇ, ಚಿತ್ರ ಮುಗಿದ ಮೇಲೆ ಅದರ ಒಂದು ಮಾತಾದರೂ ಮಗುವಿನ ಬಾಯಲ್ಲಿ ಉಳಿಯುತ್ತದೆಯೇ ಎಂದು ನೋಡಿದರೆ ಸಾಕು.

‘777 ಚಾರ್ಲಿ’ ಇದರಲ್ಲಿ ಸುಲಭವಾಗಿ ಗೆಲ್ಲುತ್ತದೆ. ಕಿರಣ್‌ರಾಜ್ ನಿರ್ದೇಶನದ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರಕ್ಕೆ 2021ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರ ಪ್ರಶಸ್ತಿ ಸಂದಿದೆ. ಸ್ವಲ್ಪ ಉದ್ದವಾಯಿತು, ಉತ್ತರಾರ್ಧದಲ್ಲಿ ಕಣ್ಣೀರು ಹೆಚ್ಚಾಯಿತು ಎನ್ನಬಹುದು. ಆದರೆ ಒಂಟಿ ಮನುಷ್ಯ ಮತ್ತು ನಾಯಿಯ ಕತೆಗೆ ಕನ್ನಡ ಬಾರದ ಮಗುವೂ ಕೂರುತ್ತದೆ. ಕೂತ ಮೇಲೆ ಕನ್ನಡ ತಾನಾಗಿ ಕಿವಿಗೆ ಬೀಳುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಇನ್ನೂ ಒಂದು ಹೆಜ್ಜೆ ಮುಂದೆ. ತೇಜಸ್ವಿ ಅಭಿಮಾನಿಗಳು ಹಣ ಕೂಡಿಸಿ ಮಾಡಿಸಿದ ಚಿತ್ರವಿದು. ಅಬಚೂರೆಂಬ ಊರಿನ ಕಾಲೇಜಿಗೆ ಬರುವ ಒಬ್ಬ ಮುಸ್ಲಿಂ ಹುಡುಗ, ಅವನನ್ನು ಅನುಮಾನದಿಂದ ನೋಡುವ ತರಗತಿ, ಕೊನೆಗೆ ಕ್ರಿಕೆಟ್ ಪಂದ್ಯ. ಉಪದೇಶವಿಲ್ಲದೆ ನಗಿಸುತ್ತದೆ. ಮುಂಬಯಿಯ ಕಾಲೇಜು ಹುಡುಗರಿಗೆ ತೇಜಸ್ವಿಯವರನ್ನು ಪರಿಚಯಿಸಲು ಇದಕ್ಕಿಂತ ಹಗುರವಾದ ಬಾಗಿಲು ಸಿಗದು. ಹಣ ಕೊಡಬಹುದು, ಎರಡು ಸಲವೂ ಕೊಡಬಹುದು.

ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ (2025) ಕರಾವಳಿಯವರಿಗೆ ಮನೆಯೊಳಗಿನ ಚಿತ್ರ. ದೆವ್ವದ ಹೆಸರಲ್ಲಿ ಊರಿಗೆ ಊರೇ ಮಂಗನಾಗುವ ಈ ಕತೆಯ ಬಾವ, ಮಾವ, ಅಣ್ಣಂದಿರನ್ನು ಇಲ್ಲಿನ ಪ್ರತಿಯೊಂದು ಸಂಘದ ಮಹಾಸಭೆಯಲ್ಲೂ ಕಾಣಬಹುದು. ಇದನ್ನು ಹತ್ತು ಜನ ಸೇರಿ ನೋಡಬೇಕು. ಒಬ್ಬರೇ ನೋಡಿದರೆ ಅರ್ಧ ನಗು ನಷ್ಟ. ಸಂದೀಪ್ ಸುಂಕದ್ ಅವರ ‘ಶಾಖಾಹಾರಿ’ (2024) ಹೊಟೇಲಿನವರು ತಪ್ಪಿಸಬಾರದ ಚಿತ್ರ. ಮಲೆನಾಡಿನ ಸಣ್ಣ ಹೊಟೇಲಿನ ಅಡುಗೆಯವನಾಗಿ ರಂಗಾಯಣ ರಘು ಒಲೆಯ ಮುಂದೆ ನಿಲ್ಲುವ ರೀತಿಯೇ ಸಾಕು. ಕತೆಯಲ್ಲಿ ಕೊಲೆಯಿದೆ, ಚಿಕ್ಕ ಮಕ್ಕಳು ಮಲಗಿದ ಮೇಲೆ ನೋಡುವುದು ಒಳ್ಳೆಯದು.

‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗಗಳಲ್ಲಿ 2023ರಲ್ಲಿ ಬಂತು. ಹೇಮಂತ್ ರಾವ್ ಅವರ ಮೊದಲ ಭಾಗಕ್ಕೆ ಕೊಡುವ ಕಾಸು ಸಾರ್ಥಕ. ಎರಡನೆಯ ಭಾಗ ಅದೇ ನೋವನ್ನು ಮತ್ತೆ ಕೆದಕುತ್ತದೆ, ಚಂದಾದಲ್ಲಿ ಸಿಕ್ಕರೆ ನೋಡಿದರಾಯಿತು. ‘ಕಾಟೇರ’ (2023) ಭೂಸುಧಾರಣೆಯ ಕಾಲದ ಕತೆ. ಮುಂಬಯಿಯಲ್ಲಿ ಆ ಕಾನೂನಿನಿಂದ ಗದ್ದೆ ಕಳೆದುಕೊಂಡವರ ಮಕ್ಕಳೂ ಇದ್ದಾರೆ, ಗದ್ದೆ ಪಡೆದವರ ಮಕ್ಕಳೂ ಇದ್ದಾರೆ, ಎಷ್ಟೋ ಸಲ ಒಂದೇ ಸೊಸೈಟಿಯಲ್ಲಿ. ಆದರೆ ಹೊಡೆದಾಟ ಕತೆಯನ್ನು ನುಂಗಿದೆ. ಒಮ್ಮೆ ನೋಡಬಹುದು, ಅದಕ್ಕೆಂದೇ ಬೇರೆ ಹಣ ಬೇಡ.

ಮುಂಬಯಿ ಕನ್ನಡಿಗರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಹುಶಃ ಅವರಲ್ಲಿ ಹೆಚ್ಚಿನವರು ಹೆಸರೇ ಕೇಳದ ಚಿತ್ರ: ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’. 2023ರ ಮುಂಬಯಿ ಚಲನಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡು, ಚಿತ್ರಮಂದಿರಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ. ತಂದೆ ತಾಯಿಯನ್ನು ಕಳೆದುಕೊಂಡ ಹನ್ನೊಂದರ ಹುಡುಗ ಮುಂಬಯಿ ಬಿಟ್ಟು ಉಡುಪಿಯ ಚಿಕ್ಕಮ್ಮನ ಮನೆ ಸೇರುತ್ತಾನೆ. ಊರು ಅವನದಲ್ಲ, ಬಿಟ್ಟು ಬಂದ ನಗರವೂ ಇನ್ನು ಅವನದಲ್ಲ. ರಜೆಯಲ್ಲಿ ಊರಿಗೆ ಹೋಗಿ ‘ಬೊಂಬಾಯಿ ಮಗು’ ಎಂದು ಕರೆಸಿಕೊಂಡ ಪ್ರತಿಯೊಬ್ಬರಿಗೂ ಆ ಹುಡುಗನ ಮೌನ ತಾಗುತ್ತದೆ. ದೊಡ್ಡವರು ಅವನ ಬಗ್ಗೆ ಅವನ ಎದುರೇ ಮಾತಾಡುವಾಗ ಆತಿಶ್ ಶೆಟ್ಟಿ ಎಂಬ ಬಾಲನಟ ಸುಮ್ಮನೆ ನೋಡುವ ನೋಟವಿದೆ. ನೋಡಿದವರಿಗೆ ತಮ್ಮ ಮನೆಯ ಮಾತುಕತೆಗಳು ನೆನಪಾಗದಿರವು. ಚಿತ್ರ ನಿಧಾನ. ಹಾಡು ಕುಣಿತ ಬೇಕೆನ್ನುವವರಿಗೆ ಹಿಡಿಸದು. ಆದರೂ ಒಂದೇ ಚಿತ್ರಕ್ಕೆ ಹಣವಿದೆ ಎನ್ನುವ ಮನೆಗೆ ಹೇಳಬೇಕಾದ ಹೆಸರು ಇದೇ.

ಉತ್ತರ ಕರ್ನಾಟಕದವರಿಗೆ ಹಾಗೆಯೇ ಉತ್ಸವ್ ಗೋನವಾರ ಅವರ ‘ಫೋಟೋ’ (2024). ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಬೆಂಗಳೂರಿಗೆ ಬಂದ ರಾಯಚೂರು ಕಡೆಯ ಹುಡುಗ, ಕೂಲಿ ಮಾಡುವ ಅಪ್ಪ, 2020ರ ಲಾಕ್‌ಡೌನ್, ನಡೆದೇ ಊರಿಗೆ ಹೊರಡುವ ದಾರಿ. ಆ ದಿನಗಳಲ್ಲಿ ಮುಂಬಯಿಯಿಂದ ಕಲಬುರಗಿ, ಯಾದಗಿರಿ ಕಡೆಗೆ ಹೊರಟವರಿಗೆ ಊಟ ಹಂಚಿದ, ಬಸ್ಸು ಮಾಡಿಕೊಟ್ಟ ಸಂಘಗಳ ಕಾರ್ಯಕರ್ತರು ಇದನ್ನು ಬೇರೆಯೇ ಕಣ್ಣಿನಿಂದ ನೋಡಿಯಾರು.

ಇಂತಹ ಚಿತ್ರಗಳಿಗೇ ಹಣ ಕೊಡಬೇಕು ಎನ್ನಲು ಇನ್ನೊಂದು ಕಾರಣವಿದೆ. ಒಟಿಟಿ ಸಂಸ್ಥೆಗಳು ಸಣ್ಣ ಕನ್ನಡ ಚಿತ್ರಗಳ ಹಕ್ಕನ್ನು ಒಂದೇ ಮೊತ್ತಕ್ಕೆ ಕೊಳ್ಳಲು ಹಿಂಜರಿಯುತ್ತವೆ. ಎಷ್ಟು ಹೊತ್ತು ನೋಡಲಾಯಿತೋ ಅಷ್ಟಕ್ಕೆ ಹಣ ಎಂಬ ಕರಾರು ಸಾಮಾನ್ಯ. 2024ರಲ್ಲಿ ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟ-ನಿರ್ಮಾಪಕರಿಗೇ ‘ಏಕಂ’ ಎಂಬ ಕನ್ನಡ ಸರಣಿಗೆ ಒಟಿಟಿಯಲ್ಲಿ ಜಾಗ ಸಿಗದೆ, ಸ್ವಂತ ಜಾಲತಾಣದಲ್ಲಿ 149 ರೂ.ಗೆ ತೋರಿಸಬೇಕಾಯಿತು. ಹೆಸರಿಲ್ಲದವರ ಪಾಡನ್ನು ಊಹಿಸಬಹುದು. ಮುಂಬಯಿಯ ಒಂದು ಮನೆ ಕೊನೆಯವರೆಗೆ ನೋಡಿದ ‘ಮಿಥ್ಯ’, ಅದನ್ನು ಮಾಡಿದವರ ಲೆಕ್ಕದ ಪುಸ್ತಕದಲ್ಲಿ ಕಾಣಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ದೊಡ್ಡ ಕನ್ನಡ ಚಿತ್ರಗಳು ಹಿಂದಿಯಲ್ಲೂ ಸಿಗುವುದರಿಂದ ಮಹಾರಾಷ್ಟ್ರದ ಟಿವಿಗಳಲ್ಲಿ ಎಷ್ಟೋ ಸಲ ಹಿಂದಿ ಧ್ವನಿಯೇ ಮೊದಲು ಶುರುವಾಗುತ್ತದೆ. ‘ಇರಲಿ ಬಿಡಿ, ಮಕ್ಕಳಿಗೆ ಅರ್ಥವಾಗುತ್ತದೆ’ ಎಂದು ಹಾಗೆಯೇ ಮುಂದುವರಿಸುವ ಮನೆಗಳೇ ಹೆಚ್ಚು. ‘ಕಾಂತಾರ’ದ ಪಂಜುರ್ಲಿಯ ಎದುರು ನಿಂತ ಜನ ಹಿಂದಿಯಲ್ಲಿ ಬೇಡಿಕೊಳ್ಳುವುದನ್ನು ಕುಂದಾಪುರ, ಮಂಗಳೂರಿನ ಮೂಲದವರೇ ಕೂತು ನೋಡುವುದು ವಿಚಿತ್ರ. ಅಷ್ಟೇ ಅಲ್ಲ, ಹಾಗೆ ನೋಡಿದ ಹೊತ್ತು ಹಿಂದಿಯ ಲೆಕ್ಕಕ್ಕೆ ಸೇರುತ್ತದೆ. ಧ್ವನಿಯನ್ನು ಕನ್ನಡಕ್ಕೆ ಬದಲಿಸಿ, ಬೇಕಿದ್ದರೆ ಕೆಳಗೆ ಇಂಗ್ಲಿಷ್ ಅಕ್ಷರ ಬರುವಂತೆ ಮಾಡಲು ಅರ್ಧ ನಿಮಿಷ ಸಾಕು. ಹಿರಿಯರಿಗೆ ಇದನ್ನು ತೋರಿಸಿಕೊಡುವ ಕೆಲಸವನ್ನು ಯುವ ವಿಭಾಗದವರು ವಹಿಸಿಕೊಳ್ಳಬಹುದು.

ಇನ್ನು ‘ಲಿಂಕ್ ಕಳಿಸ್ತೇನೆ’ ಎನ್ನುವವರ ವಿಚಾರ. ಅವರಲ್ಲಿ ಪದಾಧಿಕಾರಿಗಳೂ ಇರುವುದು ಖೇದಕರ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಚಿತ್ರವನ್ನು ಕದ್ದು ಚಿತ್ರೀಕರಿಸುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಕನಿಷ್ಠ 3 ಲಕ್ಷ ರೂ. ದಂಡವಿದೆ, ದಂಡ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೂ ಹೋಗಬಹುದು. ಕಾನೂನಿನ ಭಯ ಒತ್ತಟ್ಟಿಗಿರಲಿ. ನವೆಂಬರ್‌ನಲ್ಲಿ ವೇದಿಕೆಯೇರಿ ಕನ್ನಡ ಉಳಿಸಿ ಎಂದು ಭಾಷಣ ಮಾಡಿದವರೇ ಡಿಸೆಂಬರ್‌ನಲ್ಲಿ ಕನ್ನಡ ನಿರ್ಮಾಪಕನ ಚಿತ್ರವನ್ನು ಕದ್ದು ಹಂಚುವುದು ಯಾವ ಬಗೆಯ ಅಭಿಮಾನ?

ಸಂಘಗಳು ಮಾಡಬಹುದಾದದ್ದು ಬೇರೆಯೇ ಇದೆ. ಯಾರದೋ ಮನೆಯ ಚಂದಾವನ್ನು ಸಭಾಗೃಹದ ಪ್ರೊಜೆಕ್ಟರಿಗೆ ಜೋಡಿಸಿ ಸದಸ್ಯರಿಗೆಲ್ಲ ತೋರಿಸುವ ಪದ್ಧತಿ ಕೆಲವು ಕಡೆ ಶುರುವಾಗಿದೆ. ಚಂದಾ ಮನೆಮಂದಿಗೆ ಮಾತ್ರ. ಸಭಾಗೃಹದ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವುದು ಕಷ್ಟದ ಕೆಲಸವೇನಲ್ಲ. ಕಾರ್ಯದರ್ಶಿಯವರು ಸಂಘದ ಲೆಟರ್‌ಹೆಡ್‌ನಲ್ಲಿ ನಿರ್ಮಾಣ ಸಂಸ್ಥೆಗೆ ಪತ್ರ ಬರೆದು, ಎಷ್ಟು ಆಸನ, ಟಿಕೆಟು ಇದೆಯೋ ಇಲ್ಲವೋ, ಎಷ್ಟು ಗೌರವಧನ ಕೊಡಬಲ್ಲೆವು ಎಂದು ತಿಳಿಸಬೇಕು. ಒಂದು ಸಮಾರಂಭದ ಶಾಲು, ಹಾರ, ಸ್ಮರಣಿಕೆಗಳಿಗೆ ಆಗುವ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಟ್ಟರೂ ಪತ್ರಕ್ಕೆ ಬೆಲೆ ಬರುತ್ತದೆ. ಸಾಧ್ಯವಾದರೆ ನಿರ್ದೇಶಕರನ್ನೂ ಕರೆಸಬಹುದು. ದೊಡ್ಡ ನಟರಂತೆ ಅವರಿಗೆ ವಿಮಾನ, ಹೂವಿನ ರಥ ಬೇಕಾಗುವುದಿಲ್ಲ. ಚಿತ್ರ ಹಿಡಿಸಿದವರು ಆಮೇಲೆ ಮನೆಯಲ್ಲಿ ಇನ್ನೊಮ್ಮೆ ಕಾಸು ಕೊಟ್ಟು ನೋಡುತ್ತಾರೆ.

ಚಿತ್ರಕ್ಕಿಂತ ಪುಸ್ತಕ ಕೊಳ್ಳಿ ಎನ್ನುವ ಹಿರಿಯರ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಕನ್ನಡ ಅಕ್ಷರ ಬಾರದ ಮೂರನೆಯ ತಲೆಮಾರಿಗೆ ಪುಸ್ತಕ ಕೊಟ್ಟು ಏನು ಮಾಡುವುದು? ಕಿವಿಗಾದರೂ ಕನ್ನಡ ಬೀಳಲಿ. ರಾಜ್ಯೋತ್ಸವಕ್ಕೆ ಸಭಾಗೃಹ ಕಾದಿರಿಸುವ ಸಂಘಗಳು ಚಿತ್ರ ಪ್ರದರ್ಶನವನ್ನೂ ಸೇರಿಸುವುದಾದರೆ ಪತ್ರ ಜುಲೈಯೊಳಗೆ ಹೊರಡಬೇಕು. ಅಕ್ಟೋಬರ್‌ನಲ್ಲಿ ಬರೆದರೆ ಉತ್ತರ ಬರುವಷ್ಟರಲ್ಲಿ ನವೆಂಬರ್ ಮುಗಿದಿರುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿ, ಸದಸ್ಯರು ನೋಡಬಯಸುವ ಎರಡು ಮೂರು ಚಿತ್ರಗಳ ಹೆಸರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬಹುದು.